ದೊರೆಗುಡ್ಡದ ಅದಿರು, ಚನ್ನರಾಯನದುರ್ಗದ ಉಕ್ಕು

1791ರ ಜೂನ್ ತಿಂಗಳು. ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಬಾಗಿಲವರೆಗೂ ಹೋಗಿ, ಒಳಗೆ ಕಾಲಿಡಲಾಗದೆ ಹಿಂದಿರುಗುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಲಾರ್ಡ್ ಕಾರ್ನ್‌ವಾಲಿಸನ ದಂಡು ಹುಲಿಯೂರುದುರ್ಗದ ಬುಡಕ್ಕೆ ಬಂತು. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಗೆದ್ದವನು ಅವನೇ. ಗೆದ್ದು ಮಾಡುವುದೇನು? ಮುಂಗಾರು ಹಿಡಿದಿತ್ತು, ಮೇವಿರಲಿಲ್ಲ, ರೋಗ ಬಡಿದು ಎತ್ತುಗಳು ದಾರಿಯುದ್ದಕ್ಕೂ ಬಿದ್ದು ಸತ್ತಿದ್ದವು. ಕೋಟೆ ಒಡೆಯಲೆಂದು ಎಳೆದು ತಂದ ಭಾರಿ ಫಿರಂಗಿಗಳನ್ನು ಎಳೆದೊಯ್ಯುವ ಶಕ್ತಿಯಿಲ್ಲದೆ ತಾವೇ ನಾಶಮಾಡಿ ಬಂದಿದ್ದರು. ಇಷ್ಟು ಬಡವಾದ ಸೈನ್ಯಕ್ಕೂ ಹುಲಿಯೂರುದುರ್ಗ ಸುಲಭವಾಗಿ ಶರಣಾಯಿತು. ಕೋಟೆಯನ್ನು ಇಟ್ಟುಕೊಂಡು ಕಾಯುವ ಉದ್ದೇಶ ಗೆದ್ದವರಿಗೆ ಇರಲಿಲ್ಲ. ಕಟ್ಟಡಗಳನ್ನು ಕೆಡವಿ ಬೆಂಗಳೂರಿನ ದಾರಿ ಹಿಡಿದರು.

ಆ ವರ್ಷದ ಡಿಸೆಂಬರಿನಲ್ಲಿ ಇದೇ ಸಾಲಿನ ದುರ್ಗಗಳು ಒಂದರ ಹಿಂದೊಂದು ಬಿದ್ದವು. 21ರಂದು ಸಾವನದುರ್ಗ, 24ರಂದು ಹುತ್ರಿದುರ್ಗ. ಜನವರಿ ಕೊನೆಯ ಹೊತ್ತಿಗೆ ಇಂಗ್ಲಿಷರೂ ಅವರ ಮಿತ್ರಸೈನ್ಯಗಳೂ ಇದೇ ಸೀಮೆಯಲ್ಲಿ ಕೂಡಿಕೊಂಡು ಮತ್ತೆ ಶ್ರೀರಂಗಪಟ್ಟಣಕ್ಕೆ ಹೊರಟವು. 1792ರ ಫೆಬ್ರುವರಿ 6ರ ರಾತ್ರಿ ನಡೆದ ದಾಳಿ, ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ ಒಪ್ಪಂದ, ಒತ್ತೆಯಾಳಾಗಿ ಹೋದ ಅವನ ಇಬ್ಬರು ಮಕ್ಕಳು, ಇವೆಲ್ಲ ಶಾಲೆಯ ಪುಸ್ತಕದಲ್ಲಿವೆ. ನನಗೆ ಬೇಕಾದದ್ದು ಆ ಪುಸ್ತಕದಲ್ಲಿ ಬರದ ಒಂದು ಸರಕು: ಕಬ್ಬಿಣ. ಒಂದು ಕಾಲಕ್ಕೆ ಮಾಗಡಿಯ ಕೆಂಪೇಗೌಡರ ಮನೆತನದ ಕೈಯಲ್ಲಿದ್ದ ಈ ದುರ್ಗಗಳ ಒಂದೊಂದು ಕಲ್ಲೂ ಚಾಣದ ಏಟು ತಿಂದದ್ದು. ಗ್ರಾನೈಟನ್ನು ಕಂಚು ಕಡಿಯಲಾರದು, ಮೆತ್ತನೆಯ ಕಬ್ಬಿಣವೂ ಬಹಳ ಹೊತ್ತು ಬಾಳಲಾರದು. ಅದಕ್ಕೆ ಉಕ್ಕಿನ ಮೊನೆ ಬೇಕು. ಆ ಉಕ್ಕು ದೂರದಿಂದ ಬರಬೇಕಾಗಿರಲಿಲ್ಲ. ಇವತ್ತು ತುಮಕೂರು ಜಿಲ್ಲೆ ಎಂದು ಕರೆಯುವ ನೆಲದಲ್ಲೇ ಅದು ಹುಟ್ಟುತ್ತಿತ್ತು, ಇಲ್ಲಿಯೇ ನಿಂತುಹೋಯಿತು. ನಿಂತ ಬಗೆ ನಾವು ಸಾಮಾನ್ಯವಾಗಿ ಹೇಳಿಕೊಳ್ಳುವಷ್ಟು ಸರಳವಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ ಸಿಕ್ಕಿರುವುದು, ಸ್ವಲ್ಪ ಮುಜುಗರದಿಂದ ಹೇಳಬೇಕು, ಗೆದ್ದವರ ಕಡೆಯಿಂದಲೇ. 1799ರಲ್ಲಿ ಟಿಪ್ಪು ಬಿದ್ದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ಹೊಸದಾಗಿ ಕೈಸೇರಿದ ಸೀಮೆಗಳ ಬೆಳೆ, ಜನ, ಕಸುಬು, ಗಣಿಗಳ ವರದಿ ಬರೆಯಲು ಕಳಿಸಿದ. 1800ರ ಏಪ್ರಿಲ್ 23ರಂದು ಮದ್ರಾಸಿನಿಂದ ಹೊರಟವನು ಮುಂದಿನ ವರ್ಷದ ಜುಲೈವರೆಗೆ ತಿರುಗಿದ. ಬರೆದದ್ದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನ ಮಾತಿನಲ್ಲಿ ವಿದ್ವತ್ತಿನಷ್ಟೇ ಹಮ್ಮೂ ಇದೆ. ಕಮ್ಮಾರರ ವಿಧಾನಗಳನ್ನು ಒರಟು ಎನ್ನುತ್ತಾನೆ, ಗಣಿಯಲ್ಲಿ ಕ್ರಮವೇ ಇಲ್ಲ ಎನ್ನುತ್ತಾನೆ. ಆದರೆ ಕಣ್ಣು ಚುರುಕು. ಒಲೆಯ ಅಳತೆ, ಕೂಲಿಯ ಲೆಕ್ಕ, ಮೂಸೆಯೊಳಗೆ ಹಾಕಿದ ಎಲೆಯ ಜಾತಿ, ಯಾವುದನ್ನೂ ಬಿಟ್ಟಿಲ್ಲ. ಗಿಡದ ಶಾಸ್ತ್ರ ಬಲ್ಲ ವೈದ್ಯ ಕುಲುಮೆಯ ಮುಂದೆ ಕುಳಿತದ್ದು ನಮ್ಮ ಪುಣ್ಯ.

ಅವನು ಕಂಡಂತೆ ಇಲ್ಲಿ ಅದಿರು ಎರಡು ಬಗೆಯಲ್ಲಿ ಸಿಗುತ್ತಿತ್ತು. ಮೊದಲನೆಯದು ಗುಡ್ಡದ ಕಲ್ಲು. ಚಿತ್ರದುರ್ಗದಿಂದ ದಕ್ಷಿಣಕ್ಕೆ ಚಿಕ್ಕನಾಯಕನಹಳ್ಳಿ, ಗುಬ್ಬಿಯ ಕಡೆ ಇಳಿದು ಬರುವ ಗುಡ್ಡಸಾಲು 250 ಕೋಟಿ ವರ್ಷಕ್ಕೂ ಹಳೆಯದು. ಕಬ್ಬಿಣವೂ ಮ್ಯಾಂಗನೀಸೂ ಅದರ ಪದರಗಳಲ್ಲಿವೆ. ಗುಬ್ಬಿ ತಾಲ್ಲೂಕಿನ ಮೂಗನಾಯಕನಕೋಟೆಯ ಸೀಮೆಯಲ್ಲಿ ದೊರೆಗುಡ್ಡದ ಅದಿರನ್ನು ಬುಕಾನನ್ ಹೋಗಿ ನೋಡಿದ. ಜನ ಆಳವಾದ ಸುರಂಗ ಕೊರೆಯುತ್ತಿರಲಿಲ್ಲ. ಮೇಲ್ಮೈಯಲ್ಲಿ ಅಲ್ಲಲ್ಲಿ ಬಗೆದು, ಮೆತ್ತಗಿರುವುದನ್ನು ಆರಿಸಿ, ದನದ ಮೇಲೆ ಹೇರಿ ಒಲೆಯಿದ್ದ ಕಡೆ ಒಯ್ಯುತ್ತಿದ್ದರು. ಇದೇ ಮೂಗನಾಯಕನಕೋಟೆಯ ಜನ ಪರಶುರಾಮ ಭಾವುವಿನ ಮರಾಠಾ ದಂಡನ್ನು ಎರಡು ತಿಂಗಳು ಊರೊಳಗೆ ಬಿಟ್ಟುಕೊಡದೆ ನಿಂತರೆಂದು ಹಳೆಯ ಗೆಜೆಟಿಯರಿನಲ್ಲಿ ದಾಖಲಾಗಿದೆ. ದೊಡ್ಡ ದುರ್ಗ ಬಾಗಿಲು ತೆರೆದ ಯುದ್ಧದಲ್ಲಿ ಒಂದು ಹಳ್ಳಿ ತೆರೆಯಲಿಲ್ಲ!

ಎರಡನೆಯದು ಕಪ್ಪು ಮರಳು. ಗ್ರಾನೈಟ್ ಬಂಡೆಯಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ಸಣ್ಣ ಸಣ್ಣ ಹರಳಾಗಿ ಚದುರಿಕೊಂಡಿರುತ್ತದೆ. ಬಂಡೆ ಶಿಥಿಲವಾದಂತೆ ಆ ಹರಳುಗಳು ಬಿಡಿಯಾಗಿ, ಮಳೆಗಾಲದ ತೊರೆಗಳಲ್ಲಿ ಕೆಳಗಿಳಿಯುತ್ತವೆ. ಬೆಣಚು ಮರಳಿಗಿಂತ ಅವು ಸುಮಾರು ಎರಡರಷ್ಟು ತೂಕ. ತೊರೆಯ ತಿರುವಿನಲ್ಲಿ ನೀರು ಹಗುರವಾದದ್ದನ್ನು ಮುಂದೆ ಒಯ್ದು ಭಾರವಾದದ್ದನ್ನು ಬಿಟ್ಟುಹೋಗುತ್ತದೆ. ಆ ಮರಳನ್ನು ಕೂಡಿಸಿ ಮತ್ತೊಮ್ಮೆ ತೊಳೆದರೆ ಅದಿರು ತಯಾರು. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದ ಸುತ್ತಲಿನ ಒಲೆಗಳು ಉರಿಯುತ್ತಿದ್ದದ್ದು ಈ ಮರಳಿನಿಂದ. ಬಗೆಯುವ ಕೆಲಸವನ್ನು ಮಳೆಯೇ ಮಾಡಿ ಕೊಡುತ್ತಿತ್ತು. ಹಾಗಾಗಿ ಕಸುಬು ಮಳೆಯ ಲೆಕ್ಕಕ್ಕೂ ಬೇಸಾಯದ ಬಿಡುವಿಗೂ ಕಟ್ಟುಬಿದ್ದಿತ್ತು.

ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಬೇಕು. ಮಣ್ಣಿನ ಒಲೆ, ಇದ್ದಿಲು, ಚರ್ಮದ ತಿದಿ, ಈ ಮೂರರಿಂದ ಅಷ್ಟು ಕಾವು ಏರುವುದಿಲ್ಲ. ಏರಬೇಕಾಗಿಯೂ ಇಲ್ಲ ಎಂಬುದು ಕಮ್ಮಾರರಿಗೆ ತಲೆಮಾರುಗಳಿಂದ ಗೊತ್ತಿತ್ತು. ಉರಿಯುವ ಇದ್ದಿಲಿನಿಂದ ಏಳುವ ಅನಿಲ ಅದಿರಿನೊಳಗಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಕಬ್ಬಿಣ ಕರಗದೆ ಮುದ್ದೆಯಾಗಿ ಉಳಿಯುತ್ತದೆ, ಕಲ್ಮಶ ಮಾತ್ರ ಕರಗಿ ಕಿಟ್ಟವಾಗಿ ಹರಿಯುತ್ತದೆ. ಕೆಂಪಗೆ ಕಾದ ಆ ಮುದ್ದೆಯನ್ನು ಎಳೆದು ಬಡಿದು, ಉಳಿದ ಕಿಟ್ಟವನ್ನು ಹಿಂಡಿ ತೆಗೆದರೆ ಕೈಗೆ ಬರುವುದು ನೇಗಿಲ ಕುಳಕ್ಕೂ ಬಂಡಿಯ ಪಟ್ಟಿಗೂ ಸರಿಹೋಗುವ ಮೆದು ಕಬ್ಬಿಣ.

ಉಕ್ಕಿಗೆ ಇನ್ನೊಂದು ಮಜಲು ಹತ್ತಬೇಕು. ಚನ್ನರಾಯನದುರ್ಗದ ಕಡೆ ಬುಕಾನನ್ ಕಂಡದ್ದು ಇದನ್ನೇ. ಒಂದು ಕಬ್ಬಿಣದ ಬೆಣೆ. ಮೂರು ರೂಪಾಯಿ ತೂಕದಷ್ಟು ತಂಗಡಿಯ ಕಾಂಡ, ಅದೇ ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ತಂಗಡಿ. ಮೇಲೆ ಒಂದು ಬಗೆಯ ಬಳ್ಳಿಯ ಎರಡು ಹಸಿರು ಎಲೆ. ಇಷ್ಟನ್ನೂ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಗೆ ಮಣ್ಣು ಮೆತ್ತಿ, ಒಣಗಿಸಿ, ಹಲವು ಮೂಸೆಗಳನ್ನು ಒಟ್ಟಿಗೆ ಒಲೆಯಲ್ಲಿ ಜೋಡಿಸಿ ಗಂಟೆಗಟ್ಟಲೆ ತಿದಿಯೊತ್ತುತ್ತಿದ್ದರು. ಗಾಳಿಯಾಡದ ಮೂಸೆಯೊಳಗೆ ಕಟ್ಟಿಗೆಯೂ ಎಲೆಯೂ ಸುಟ್ಟು ಇಂಗಾಲವಾಗುತ್ತವೆ. ಇಂಗಾಲ ಕಬ್ಬಿಣದೊಳಗೆ ಇಳಿಯುತ್ತದೆ. ಇಳಿದಂತೆ ಕರಗುವ ಬಿಂದು ಕೆಳಗಿಳಿಯುತ್ತದೆ. ಬರಿಯ ಕಬ್ಬಿಣವನ್ನು ಕರಗಿಸಲಾಗದ ಅದೇ ಒಲೆಯಲ್ಲಿ ಉಕ್ಕು ಕರಗಿ, ಆರಿದ ಮೇಲೆ ಮೂಸೆಯ ತಳದ ಆಕಾರದಲ್ಲಿ ಗಟ್ಟಿಯಾಗಿ ಕೂರುತ್ತದೆ. ಗಟ್ಟಿಯ ಮೇಲ್ಮೈಯಲ್ಲಿ ನಡುವಿನಿಂದ ಅಂಚಿಗೆ ಹರಡಿದ ಗೆರೆಗಳು ಕಂಡರೆ ಕರಗುವಿಕೆ ಪೂರ್ತಿಯಾಯಿತೆಂದು ಅರ್ಥ. ಕೆಲವು ಮೂಸೆಗಳು ಒಡೆಯುತ್ತಿದ್ದವು, ಕೆಲವು ಅರ್ಧ ಬೆಂದು ನಿಲ್ಲುತ್ತಿದ್ದವು. ನಷ್ಟವನ್ನೂ ಲೆಕ್ಕದಲ್ಲಿ ಸೇರಿಸಿಯೇ ಕಸುಬು ನಡೆಯುತ್ತಿತ್ತು. ಶೆಫೀಲ್ಡಿನ ಹತ್ತಿರ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕು ಕರಗಿಸಲು ಕಲಿತದ್ದು 1740ರ ದಶಕದಲ್ಲಿ, ಅದೂ ಕಲ್ಲಿದ್ದಲ ಕೋಕಿನ ಬಲದಿಂದ. ದಕ್ಷಿಣ ಭಾರತದಲ್ಲಿ ಈ ವಿದ್ಯೆ ಅದಕ್ಕಿಂತ ಶತಮಾನಗಳಷ್ಟು ಹಳೆಯದು.

ಈ ಉಕ್ಕು ಎಲ್ಲಿಗೆ ಹೋಗುತ್ತಿತ್ತು? ಕಲ್ಲುಕುಟಿಗರ ಚಾಣಕ್ಕೆ, ಕತ್ತಿಗೆ, ಮತ್ತು ವಾದ್ಯದ ತಂತಿಗೆ. ಈ ಮೂರನೆಯ ಬಳಕೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಚನ್ನಪಟ್ಟಣದಲ್ಲಿ ಎಳೆದ ಉಕ್ಕಿನ ತಂತಿಗೆ ದೇಶದ ದೂರದ ಮೂಲೆಗಳಿಂದಲೂ ಬೇಡಿಕೆಯಿತ್ತೆಂದು ಬುಕಾನನ್ ಗುರುತು ಹಾಕಿದ್ದಾನೆ. ತಂತಿ ಎಳೆಯುವುದು ಉಕ್ಕಿಗೆ ನಿಜವಾದ ಪರೀಕ್ಷೆ. ಕತ್ತಿಯಲ್ಲಿ ಒಂದಿಷ್ಟು ಕಿಟ್ಟ ಅಡಗಿದ್ದರೂ ಕತ್ತಿ ಕತ್ತಿಯೇ. ಕೂದಲೆಳೆಯ ತಂತಿಯಲ್ಲಿ ಒಂದು ಕಣ ಕಿಟ್ಟವಿದ್ದರೂ ಅದು ಅಲ್ಲೇ ತುಂಡಾಗುತ್ತದೆ. ಒರಟು ವಿಧಾನ ಎಂದು ಮೂಗು ಮುರಿದವನ ಪುಸ್ತಕದಲ್ಲೇ ಆ ವಿಧಾನದ ಅತ್ಯುತ್ತಮ ಪ್ರಮಾಣಪತ್ರವೂ ಇದೆ.

ಅವನು ಗುರುತು ಹಾಕಿದ ಇನ್ನೊಂದು ಸಂಗತಿ ಮುಂದಿನ ಕತೆಗೆ ಬೇಕಾದದ್ದು. ಒಲೆಯ ಕೆಲಸಗಾರರು ಸ್ವಂತ ಬಂಡವಾಳದ ಮೇಲೆ ನಿಂತವರಲ್ಲ. ವ್ಯಾಪಾರಿಗಳು ಮುಂಗಡ ಕೊಡುತ್ತಿದ್ದರು, ಆ ಮುಂಗಡದ ಮೇಲೆ ಇದ್ದಿಲು ಸುಡುವವರು, ತಿದಿ ಒತ್ತುವವರು, ಸುತ್ತಿಗೆಯವರು ದುಡಿಯುತ್ತಿದ್ದರು. ಸಾಲದ ಗಂಟು ಬಿಗಿಯಾದಷ್ಟೂ ಸರಕಿನ ಬೆಲೆ ವ್ಯಾಪಾರಿಯ ಕೈಯಲ್ಲಿರುತ್ತಿತ್ತು. ಗುಬ್ಬಿಯಂಥ ಸಂತೆಗಳು ಸುತ್ತಲಿನ ಸೀಮೆಯ ಸರಕು ಕೈಬದಲಾಗುವ ಕೇಂದ್ರಗಳಾಗಿದ್ದವು. ಇದೊಂದು ಸುಖದ ಗ್ರಾಮರಾಜ್ಯವೇನಲ್ಲ. ಹಳೆಯ ಕಸುಬುಗಳ ಬಗ್ಗೆ ಬರೆಯುವಾಗ ನಾವು ಮರೆಯುವುದು ಇದನ್ನೇ.

ಈ ಕಬ್ಬಿಣಕ್ಕೆ ಬಹುದೊಡ್ಡ ಗಿರಾಕಿ ಅರಮನೆ. ಹೈದರ್ ಮತ್ತು ಟಿಪ್ಪುವಿನ ಕಾಲದ ರಾಕೆಟ್ಟುಗಳ ಕತೆ ಈಗ ಎಲ್ಲರ ಬಾಯಲ್ಲಿದೆ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದದ್ದು, ರಾಕೆಟ್ ತಯಾರಿಸುತ್ತಿದ್ದ ಕೇಂದ್ರಗಳಾಗಿ ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ ಮತ್ತು ನಗರವೆಂಬ ಊರಿನ ಹೆಸರುಗಳು ಬರುವುದು, ಸೋತ ಮೇಲೆ ಮಾದರಿಗಳು ಇಂಗ್ಲೆಂಡಿಗೆ ಹೋಗಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ್ದು. 1985ರಲ್ಲಿ ವಿಜ್ಞಾನಿ ರೊದ್ದಂ ನರಸಿಂಹ ಅವರು ಈ ವಿಷಯವನ್ನು ವಿವರವಾಗಿ ಬರೆದಾಗ ಒತ್ತಿ ಹೇಳಿದ್ದು ಹೊಗೆ ಬೆಂಕಿಗಳ ರೋಚಕತೆಯನ್ನಲ್ಲ, ಕೊಳವೆಯನ್ನು. ಬಿದಿರು ಅಥವಾ ಕಾಗದದ ಕೊಳವೆ ಮದ್ದಿನ ಒತ್ತಡಕ್ಕೆ ಒಡೆಯುತ್ತದೆ. ಬಡಿದು ಸುತ್ತಿದ ಮೆದು ಕಬ್ಬಿಣದ ಕೊಳವೆ ತಡೆಯುತ್ತದೆ. ಒತ್ತಡ ಹೆಚ್ಚಿದಷ್ಟೂ ರಾಕೆಟ್ ದೂರ ಹೋಗುತ್ತದೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಇಂಥ ಕೊಳವೆಗಳು ಕೆಸರಿನಿಂದ ಮೇಲೆ ಬಂದವು. ಎರಡು ಶತಮಾನ ಕೆಸರಿನಲ್ಲಿದ್ದೂ ಉಳಿದ ಕಬ್ಬಿಣ ಅದು.

ಶ್ರೀರಂಗಪಟ್ಟಣ ಬಿದ್ದ 1799ರ ಮೇ 4 ಈ ಗಿರಾಕಿಯನ್ನು ಒಂದೇ ದಿನಕ್ಕೆ ಇಲ್ಲವಾಗಿಸಿತು. ದಿವಾನ್ ಪೂರ್ಣಯ್ಯನವರ ಆಡಳಿತಕ್ಕೆ ದಂಡಿನ ಗೊಡವೆ ಬಹಳ ಇರಲಿಲ್ಲ. ರಕ್ಷಣೆಯ ಹೊಣೆ ಕಂಪನಿಯದು, ಅದರ ಖರ್ಚು ಮಾತ್ರ ಮೈಸೂರಿನದು. ಗುಂಡು, ಕೊಳವೆ, ಕತ್ತಿಗಳ ಬೇಡಿಕೆ ಕುಸಿಯಿತು. ಹಾಗೆಂದು ಒಲೆಗಳು ಆರಲಿಲ್ಲ ಎಂಬುದನ್ನು ಗಮನಿಸಬೇಕು. ಬುಕಾನನ್ ಬಂದದ್ದೇ ಸೋಲಿನ ಮರುವರ್ಷ, ಅವನು ಕಂಡದ್ದು ಉರಿಯುತ್ತಿದ್ದ ಒಲೆಗಳನ್ನು. ರೈತನ ಕುಳ, ಕುಡುಗೋಲು, ಗುದ್ದಲಿಗಳ ಬೇಡಿಕೆ ಯಾವ ಒಪ್ಪಂದದಿಂದಲೂ ನಿಲ್ಲುವಂಥದ್ದಲ್ಲ.

ಅತ್ತ ಯುರೋಪಿನಲ್ಲಿ ಈ ಉಕ್ಕು ಪ್ರಯೋಗಶಾಲೆಯ ಕುತೂಹಲವಾಗಿತ್ತು. 1794ರಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ ಲಂಡನ್ನಿನ ರಾಯಲ್ ಸೊಸೈಟಿಯ ಜೋಸೆಫ್ ಬ್ಯಾಂಕ್ಸ್‌ಗೆ ‘ವೂಟ್ಜ್’ ಎಂಬ ಹೆಸರಿನಲ್ಲಿ ಭಾರತದ ಉಕ್ಕಿನ ಗಟ್ಟಿಗಳನ್ನು ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಓದಿದ. ಮುಂದೆ ಮೈಕೆಲ್ ಫ್ಯಾರಡೆಯೂ ಚಾಕು ತಯಾರಕ ಸ್ಟೋಡಾರ್ಟನೂ ಸೇರಿ ಅದರಂಥದ್ದನ್ನು ಮಾಡಲು ಹೊರಟು, ಅದರ ಗುಟ್ಟು ಬೇರೆ ಧಾತುಗಳ ಬೆರಕೆಯಲ್ಲಿದೆ ಎಂದು ತಪ್ಪು ದಾರಿ ಹಿಡಿದರು. ದಾರಿ ತಪ್ಪಿದರೂ ಮಿಶ್ರ ಉಕ್ಕುಗಳ ಅಧ್ಯಯನಕ್ಕೆ ಅದೇ ನಾಂದಿಯಾಯಿತು. ಗುಟ್ಟಿದ್ದದ್ದು ಶೇಕಡಾ ಒಂದರಿಂದ ಎರಡರಷ್ಟಿದ್ದ ಇಂಗಾಲದಲ್ಲಿ, ನಿಧಾನವಾಗಿ ಆರಿಸುವ ಮತ್ತು ಹದವಾದ ಕಾವಿನಲ್ಲಿ ಬಡಿಯುವ ಕೈಯಲ್ಲಿ. ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಬೆಂಗಳೂರಿನಲ್ಲಿ ಕುಳಿತು ಈ ಉಕ್ಕಿನ ಇತಿಹಾಸವನ್ನು ಮತ್ತೆ ಬರೆದದ್ದು ಎರಡು ಶತಮಾನಗಳ ನಂತರ.

ಹಾಗಾದರೆ ತುಮಕೂರಿನ ಒಲೆಗಳನ್ನು ಆರಿಸಿದವರು ಯಾರು? ವಿದ್ವಾಂಸರಲ್ಲಿ ಇಲ್ಲಿ ಒಮ್ಮತವಿಲ್ಲ. ಅಗ್ಗದ ಇಂಗ್ಲಿಷ್ ಕಬ್ಬಿಣವೂ ವಸಾಹತು ಆಡಳಿತದ ನೀತಿಯೂ ಸೇರಿ ದೇಸಿ ಕಸುಬನ್ನು ಕೊಂದವು ಎಂಬುದು ಒಂದು ವಾದ. ಸಣ್ಣ ಒಲೆಗಳು ದೊಡ್ಡ ಊದುಕುಲುಮೆಯ ಮುಂದೆ ಹೇಗೂ ನಿಲ್ಲುತ್ತಿರಲಿಲ್ಲ ಎಂಬುದು ಇನ್ನೊಂದು. ಬುಕಾನನ್ನನ ಬರಹವನ್ನೂ ಮೈದಾನ ಸೀಮೆಯ ಕಾಡಿನ ಸ್ಥಿತಿಯನ್ನೂ ಜೊತೆಯಿಟ್ಟು ನೋಡಿದ ಶಶಿ ಶಿವರಾಮಕೃಷ್ಣ ಒತ್ತು ಕೊಡುವುದು ಪರಿಸರಕ್ಕೆ, ಇದ್ದಿಲಿಗೂ ಕಾಡಿಗೂ ಇದ್ದ ಸಂಬಂಧಕ್ಕೆ. ನನಗೆ ಈ ಮೂರನೆಯ ದಾರಿಯೇ ಹೆಚ್ಚು ದೂರ ಕರೆದೊಯ್ಯುತ್ತದೆ ಅನ್ನಿಸುತ್ತದೆ. ಈ ಒಲೆಗೆ ಅದಿರಿನ ಕೊರತೆ ಎಂದೂ ಇರಲಿಲ್ಲ, ಮಳೆ ಬಂದಾಗಲೆಲ್ಲ ಹೊಸ ಮರಳು ಬರುತ್ತಿತ್ತು. ಕೊರತೆ ಬಂದದ್ದು ಇದ್ದಿಲಿಗೆ. ಕಾಡು ತೆಳುವಾದರೆ ಒಲೆ ಜಾಗ ಬದಲಿಸುವುದು, ಕಾಡು ಚಿಗುರುವವರೆಗೆ ಕಾಯುವುದು ಹಳೆಯ ಕ್ರಮ. ಆ ಓಡಾಟಕ್ಕೆ ತಡೆ ಬಿದ್ದದ್ದು ಯಾವಾಗ ಎಂದು ಕೇಳಿದರೆ ಸಿಗುವ ವರ್ಷ 1799 ಅಲ್ಲ, 1864.

ಆ ವರ್ಷ ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿತು. ಯಾವ ಮರ ಸರ್ಕಾರದ್ದು, ಯಾವ ಕಾಡಿನಲ್ಲಿ ಕಡಿಯಬಹುದು, ಕಡಿದದ್ದಕ್ಕೆ ಎಷ್ಟು ತೆರಬೇಕು ಎಂಬುದಕ್ಕೆಲ್ಲ ಕಾಗದ ಬಂತು. ಇಲಾಖೆಯ ಕಡೆಯಿಂದ ನೋಡಿದರೆ ಅದು ತಪ್ಪಲ್ಲ, ಕಾಡು ನಿಜಕ್ಕೂ ಕರಗುತ್ತಿತ್ತು. ಆದರೆ ಮುಂಗಡದ ಮೇಲೆ ಬದುಕುವ ಒಲೆಗೆ ಇದ್ದಿಲಿನ ಬೆಲೆ ಒಂದು ಆಣೆ ಏರಿದರೂ ಲೆಕ್ಕ ಬುಡಮೇಲು. ಇಷ್ಟಾದರೂ 1877ರ ಹೊತ್ತಿಗೆ ಬಿ.ಎಲ್. ರೈಸ್ ತನ್ನ ಗೆಜೆಟಿಯರ್ ಹೊರತರುವಾಗ ಚಿಕ್ಕನಾಯಕನಹಳ್ಳಿ, ಮಾಗಡಿ, ಮಳವಳ್ಳಿ, ಹೆಗ್ಗಡದೇವನಕೋಟೆಗಳ ಕಡೆ ಕಬ್ಬಿಣ ಇನ್ನೂ ಕಾಯುತ್ತಿತ್ತು.

ಆ ಗೆಜೆಟಿಯರ್ ಬಂದ ಹೊತ್ತೇ ಮಹಾಕ್ಷಾಮದ ಹೊತ್ತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿಯಿತು. ಕುಳ ಕೊಳ್ಳುವ ರೈತನೇ ಇಲ್ಲದ ಮೇಲೆ ಕುಳ ಬಡಿಯುವವನು ಯಾರಿಗಾಗಿ ಬಡಿಯಬೇಕು? ಕ್ಷಾಮದ ಪಾಠವೆಂದು ಸರ್ಕಾರ ರೈಲು ಹಾಕಲು ಹೊರಟಿತು, ಬರ ಬಂದಾಗ ಧಾನ್ಯ ಬೇಗ ಬರಲೆಂದು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ, ಅಲ್ಲಿಂದ ಗುಬ್ಬಿಗೆ ಹಳಿ ಬಂತು. ಧಾನ್ಯ ಬರುವ ಹಳಿಯ ಮೇಲೆ ಬೇರೆ ಸರಕೂ ಬಾರದೆ ಇರುತ್ತದೆಯೇ? 1856ರಲ್ಲಿ ಬೆಸೆಮರ್ ತೋರಿಸಿದ ವಿಧಾನದಿಂದ ಇಂಗ್ಲೆಂಡಿನಲ್ಲಿ ಉಕ್ಕು ಟನ್ನುಗಟ್ಟಲೆ ಹರಿಯುತ್ತಿತ್ತು, ಅದರ ಪಟ್ಟಿ, ಸರಳು, ತಗಡುಗಳು ಗುಬ್ಬಿಯ ಸಂತೆಗೆ ರೈಲಿನಲ್ಲೇ ಬಂದಿಳಿಯುವಂತಾಯಿತು. ಬರಗಾಲದಲ್ಲಿ ಜೀವ ಉಳಿಸಲು ಹಾಕಿದ ಹಳಿಯೇ ಒಲೆಯ ಜೀವ ತೆಗೆಯಿತು. ಹಳ್ಳಿಯ ಕಮ್ಮಾರ ಇದನ್ನು ಶಪಿಸಿರಲಾರ. ಅವನಿಗೆ ಸಿದ್ಧ ಪಟ್ಟಿ ಅಗ್ಗಕ್ಕೆ ಸಿಕ್ಕಿತು, ಕೆಲಸ ಸುಲಭವಾಯಿತು. ಕೆಲಸ ಕಳೆದುಕೊಂಡದ್ದು ಅದಿರು ಕಾಯಿಸುವವರು, ಮೂಸೆ ಕಟ್ಟುವವರು, ಇದ್ದಿಲು ಸುಡುವವರು. ಕಬ್ಬಿಣವನ್ನು ರೂಪಿಸುವ ಕಸುಬು ಉಳಿಯಿತು, ಹುಟ್ಟಿಸುವ ಕಸುಬು ಹೋಯಿತು. ಈ ಎರಡನ್ನೂ ಒಂದೇ ಎಂದು ತಿಳಿದದ್ದರಿಂದಲೇ ನಾವು ಈ ನಷ್ಟವನ್ನು ಗಮನಿಸದೆ ಹೋದೆವು.

ಮುಂದಿನ ಅಧ್ಯಾಯದಲ್ಲಿ ಒಂದು ವ್ಯಂಗ್ಯವಿದೆ. ವಿಶ್ವೇಶ್ವರಯ್ಯನವರ ಹಟದಿಂದ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಎದ್ದು 1923ರಲ್ಲಿ ಉತ್ಪಾದನೆ ಶುರುಮಾಡಿತು. ಅದಿರು ಕೆಮ್ಮಣ್ಣುಗುಂಡಿಯದು. ಇಂಧನ? ಕಲ್ಲಿದ್ದಲು ರಾಜ್ಯದಲ್ಲಿ ಎಲ್ಲಿಯೂ ಇಲ್ಲ, ಹಾಗಾಗಿ ಇದ್ದಿಲು. ಮಲೆನಾಡಿನ ಕಾಡುಗಳ ಕಟ್ಟಿಗೆ ಕಾರ್ಖಾನೆಗೆ ಹರಿಯಿತು. ಚನ್ನರಾಯನದುರ್ಗದವರಿಗೆ ದಕ್ಕದ ಸೌದೆ ಸರ್ಕಾರಿ ಕುಲುಮೆಗೆ ದಕ್ಕಿತು. ಭದ್ರಾವತಿಯನ್ನು ನಾನು ಹೀಗಳೆಯುತ್ತಿಲ್ಲ, ಅದು ಸಾವಿರಾರು ಕನ್ನಡಿಗರಿಗೆ ಅನ್ನ ಕೊಟ್ಟ ಕಾರ್ಖಾನೆ. ಇದ್ದಿಲಿನ ಉಕ್ಕು ಕಾಲಕ್ಕೆ ಹೊರತಾದದ್ದರಿಂದ ಹಳೆಯ ಒಲೆ ಸತ್ತಿತು ಎಂಬ ಮಾತು ಮಾತ್ರ ಇದರ ಮುಂದೆ ನಿಲ್ಲುವುದಿಲ್ಲ.

ತುಮಕೂರಿನ ಗುಡ್ಡಗಳನ್ನು ಭದ್ರಾವತಿ ಮುಟ್ಟಲಿಲ್ಲ, ಮುಟ್ಟಿದ್ದು ಹೊಸ ಶತಮಾನದ ಚೀನಾ. 2000ದ ದಶಕದಲ್ಲಿ ಅಲ್ಲಿಯ ಉಕ್ಕಿನ ಹಸಿವಿಗೆ ಅದಿರಿನ ಬೆಲೆ ಏರಿತು. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಕತೆ ಎಲ್ಲರಿಗೂ ಗೊತ್ತು. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳ ಕತೆ ಅದರ ನೆರಳಿನಲ್ಲಿ ಉಳಿಯಿತು. ದನದ ಹೇರಿನ ಲೆಕ್ಕದಲ್ಲಿ ಅದಿರು ಇಳಿಯುತ್ತಿದ್ದ ಗುಡ್ಡಸಾಲಿನಿಂದ ಲಾರಿಗಳ ಸಾಲು ಇಳಿಯಿತು. 2009ರಲ್ಲಿ ಸಮಾಜ ಪರಿವರ್ತನಾ ಸಮುದಾಯ ಎಂಬ ಸಂಘಟನೆ ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ ಕೊನೆಯಲ್ಲಿ ಬಳ್ಳಾರಿಯ ಗಣಿಗಾರಿಕೆಗೆ ತಡೆ ಬಿತ್ತು, ಆಗಸ್ಟ್ 26ರಂದು ಆ ತಡೆ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿತು. 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಅಕ್ರಮದ ಪ್ರಮಾಣದಂತೆ ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಒಪ್ಪಿ, ಸಿ ವರ್ಗದವನ್ನು ರದ್ದು ಮಾಡಿ, ಉಳಿದವಕ್ಕೆ ಕಟ್ಟುಪಾಡು ಹಾಕಿ ಬಾಗಿಲು ತೆರೆಯಿತು.

2022ರವರೆಗೆ ಈ ಅದಿರನ್ನು ಹರಾಜಿನಲ್ಲೇ ಮಾರಬೇಕಿತ್ತು. ಅದು ಹೋಗುವುದು ದೂರದ ಉಕ್ಕಿನ ಕಾರ್ಖಾನೆಗಳಿಗೆ. ಹಳ್ಳಿಯ ಕುಲುಮೆಗೆ ಬರುವ ಉಕ್ಕು ಬೇರೆ ದಾರಿಯದು. ಮಚ್ಚಿಗೂ ಕುಡುಗೋಲಿಗೂ ಕಮ್ಮಾರರು ಈಗ ಹುಡುಕುವುದು ಗುಜರಿ ಅಂಗಡಿಯ ಲಾರಿ ಪಟ್ಟಿಯನ್ನು, ಅಂದರೆ ಚಕ್ರದ ಮೇಲೆ ಭಾರ ಹೊರುವ ಸ್ಪ್ರಿಂಗಿನ ಎಲೆಯನ್ನು. ಅದರಲ್ಲಿ ಶೇಕಡಾ ಅರ್ಧಕ್ಕಿಂತ ತುಸು ಹೆಚ್ಚು ಇಂಗಾಲವಿರುತ್ತದೆ, ನೀರು ಕುಡಿಸಿದರೆ ಅಲಗು ನಿಲ್ಲುತ್ತದೆ. ಕಟ್ಟಡದ ಸರಳಿನಲ್ಲಿ ಮಾಡಿದ ಮಚ್ಚು ಎರಡು ತೆಂಗಿನಕಾಯಿಗೇ ಮೊಂಡಾಗುತ್ತದೆ ಎಂದು ಅವರು ಸರಳನ್ನು ಪಕ್ಕಕ್ಕೆ ಎಸೆಯುತ್ತಾರೆ. ಯಾವ ಕಬ್ಬಿಣದಲ್ಲಿ ಇಂಗಾಲವೆಷ್ಟು ಎಂದು ಸುತ್ತಿಗೆಯ ಸದ್ದಿನಿಂದಲೂ ಸಾಣೆಯ ಕಿಡಿಯಿಂದಲೂ ಹೇಳಬಲ್ಲವರು ಅವರಲ್ಲಿ ಈಗಲೂ ಇದ್ದಾರೆ.